ಮರಾಠಿ ರಂಗಸಂಗೀತಕ್ಕೆ ಕನ್ನಡದ ನಂಟು

ಮರಾಠಿ ರಂಗಭೂಮಿಯ ಹುಟ್ಟಿಗೆ ಪ್ರೇರಣೆ ಹೋದದ್ದು ಕನ್ನಡ ನಾಡಿನಿಂದ. ಉತ್ತರ ಕನ್ನಡದ ಭಾಗವತ ಮೇಳವೊಂದರ ಆಟ ಸಾಂಗ್ಲಿಯ ದೊರೆಗೆ ಮೆಚ್ಚುಗೆಯಾಯಿತು. ಅದೇ ಮಾದರಿಯಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಅಲ್ಲಿ ಹಾಡುತ್ತಿದ್ದವನು ಸೂತ್ರಧಾರ, ನಮ್ಮ ಭಾಗವತರಂತೆ.

ಹಾಡು ಪಾತ್ರಧಾರಿಗಳ ಬಾಯಿಗೆ ಬಂದದ್ದು ಅಣ್ಣಾಸಾಹೇಬ ಕಿರ್ಲೋಸ್ಕರರಿಂದ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರಾದ ಅವರ ‘ಸಂಗೀತ ಶಾಕುಂತಲ’ 1880ರಲ್ಲಿ ಪುಣೆಯಲ್ಲಿ ರಂಗವೇರಿತು. ರಾಗದಾರಿಯ ಜೊತೆಗೆ ಸಾಕಿ, ದಿಂಡಿಯಂಥ ದೇಸಿ ಮಟ್ಟುಗಳೂ ಅದರಲ್ಲಿದ್ದವು.

ಕುಂದಗೋಳದ ರಾಮಭಾವು ‘ಸವಾಯಿ ಗಂಧರ್ವ’ರಾಗಿ ಹೆಸರಾದದ್ದೂ ಮರಾಠಿ ರಂಗದಲ್ಲೇ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಶಿಷ್ಯರು.

ಕನ್ನಡ ರಂಗಭೂಮಿಯಲ್ಲೂ ಹಾಡಿಗೆ ಇಂಥದೇ ಸ್ಥಾನವಿತ್ತು; ದಾವಣಗೆರೆಯಲ್ಲಿ ಹಾಡು ಬೆರೆತ ಕಂಪನಿ ನಾಟಕವನ್ನು ಉಳಿಸಿಕೊಂಡವರಲ್ಲಿ ಕೆ.ಬಿ.ಆರ್. ಡ್ರಾಮಾ ಕಂಪನಿಯ ಚಿಂದೋಡಿ ಲೀಲಾ ಪ್ರಮುಖರು.