ಛೋಟಾ ಹಾಥಿ ಗೆದ್ದಿತು, ನ್ಯಾನೋ ಯಾಕೆ ಸೋತಿತು?

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಸಮನ್ವಯ ಒಂದು ಅಧ್ಯಾಯದಲ್ಲಿ ಬರುತ್ತದೆ, ಸಂಘಟನೆ ಇನ್ನೊಂದರಲ್ಲಿ, ಮಾರ್ಕೆಟಿಂಗ್ ಕೊನೆಯ ಕಡೆಗೆ. ಪರೀಕ್ಷೆಗಾಗಿ ನಾವು ಇವನ್ನು ಬೇರೆ ಬೇರೆಯಾಗಿಯೇ ಓದುತ್ತೇವೆ. ಆದರೆ ಒಂದು ಹೊಸ ವಸ್ತು ಹುಟ್ಟುವಾಗ ಈ ಮೂರೂ ಪಾಠ ಒಟ್ಟಿಗೆ ಬೇಕಾಗುತ್ತವೆ. ಗಿರಾಕಿಗೆ ಏನು ಬೇಕು ಎಂದು ತಿಳಿದವರು, ಅದರ ವಿನ್ಯಾಸ ಮಾಡುವವರು, ಕಾರ್ಖಾನೆಯಲ್ಲಿ ತಯಾರಿಸುವವರು, ಈ ಮೂವರೂ ಮೊದಲ ದಿನದಿಂದ ಜೊತೆಯಲ್ಲಿ ಕೂರಬೇಕು. ಯಾಕೆ ಎಂಬುದನ್ನು ಎರಡು ವಾಹನಗಳ ಮೂಲಕ ನೋಡೋಣ. ಎರಡೂ ಟಾಟಾ ಮೋಟಾರ್ಸ್ ಕಂಪನಿಯವೇ.

ಗೋಡೆ ಎಲ್ಲಿಂದ ಬರುತ್ತದೆ?

ನಮ್ಮ ಚಾಚಾ ಅವರದು ಮರಗೆಲಸದ ಚಿಕ್ಕ ಅಂಗಡಿ. ಯಾರಾದರೂ ಅಲ್ಮಾರಿ ಬೇಕೆಂದು ಬಂದರೆ, ಅದರಲ್ಲಿ ಏನೇನು ಇಡುತ್ತೀರಿ ಎಂದು ಕೇಳುವವರು ಅವರೇ. ಮನೆಗೆ ಹೋಗಿ ಬಾಗಿಲ ಅಗಲ ಅಳೆಯುವವರೂ ಅವರೇ. ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ ಇರುತ್ತದೆ, ತುಂಡು ಹೆಚ್ಚು ಉಳಿಯಬಾರದು ಎಂದು ಲೆಕ್ಕ ಹಾಕಿ ಕೊಯ್ಯುವವರೂ ಅವರೇ. ಅಂದರೆ ಮಾರ್ಕೆಟಿಂಗ್, ವಿನ್ಯಾಸ, ಉತ್ಪಾದನೆ ಮೂರೂ ಒಂದೇ ತಲೆಯಲ್ಲಿವೆ. ಅಲ್ಲಿ ಸಮನ್ವಯಕ್ಕೆ ಬೇರೆ ಖರ್ಚಿಲ್ಲ.

ವ್ಯಾಪಾರ ದೊಡ್ಡದಾದಾಗ ಒಬ್ಬರಿಂದ ಎಲ್ಲ ಆಗುವುದಿಲ್ಲ. ವಿಭಾಗಗಳು ಹುಟ್ಟುತ್ತವೆ. ಇದನ್ನೇ ನಾವು ಫಂಕ್ಷನಲ್ ಸ್ಟ್ರಕ್ಚರ್ ಎಂದು ಓದುತ್ತೇವೆ. ಪರಿಣತಿ ಬೆಳೆಯುವುದು ಅದರ ಲಾಭ. ಪ್ರತಿ ವಿಭಾಗವೂ ತನ್ನ ಕೆಲಸವನ್ನಷ್ಟೇ ನೋಡುವುದು ಅದರ ನಷ್ಟ. ಆಗ ಕೆಲಸ ರಿಲೇ ಓಟದಂತೆ ನಡೆಯುತ್ತದೆ. ವಿನ್ಯಾಸದವರು ನಕ್ಷೆ ಮುಗಿಸಿ ಕಾರ್ಖಾನೆಗೆ ಕೊಡುತ್ತಾರೆ. ಕಾರ್ಖಾನೆಯವರು ಇದು ಆಗುವುದಿಲ್ಲ ಎಂದು ವಾಪಸು ಕಳಿಸುತ್ತಾರೆ. ಕೊನೆಗೆ ತಯಾರಾದದ್ದನ್ನು ಮಾರಾಟದವರ ಕೈಗಿಟ್ಟು ಮಾರಿ ಎನ್ನುತ್ತಾರೆ. ನಕ್ಷೆಯಲ್ಲಿ ಒಂದು ಗೆರೆ ಬದಲಾಯಿಸುವುದು ಸುಲಭ. ಯಂತ್ರ, ಅಚ್ಚು ಎಲ್ಲ ಸಿದ್ಧವಾದ ಮೇಲೆ ಅದೇ ಬದಲಾವಣೆಗೆ ಬಹಳ ಹಣ ಬೇಕು.

ಮೂವರೂ ಕೂಡಿದಾಗ

ನಮ್ಮ ಕಡೆ ಎಲ್ಲರೂ ಛೋಟಾ ಹಾಥಿ ಎಂದು ಕರೆಯುವ ಟಾಟಾ ಏಸ್ ಮಾರುಕಟ್ಟೆಗೆ ಬಂದದ್ದು 2005ರಲ್ಲಿ. ವಿನ್ಯಾಸಕ್ಕೆ ಮೊದಲು ಅದರ ತಂಡದವರು ಸರಕು ಸಾಗಿಸುವ ತ್ರಿಚಕ್ರ ವಾಹನಗಳ ಮಾಲೀಕರನ್ನು ಮಾತಾಡಿಸಿದರು. ಅವರಿಗೆ ಬೇಕಾಗಿದ್ದದ್ದು ಕಡಿಮೆ ಬೆಲೆ, ಕಡಿಮೆ ಖರ್ಚು ಮಾತ್ರವಲ್ಲ. ನಾಲ್ಕು ಚಕ್ರದ ಗಾಡಿಯ ಮಾಲೀಕ ಎನಿಸಿಕೊಳ್ಳುವ ಗೌರವವೂ ಬೇಕಿತ್ತು. ನಾಲ್ಕು ಚಕ್ರದ ಗಾಡಿ ಇದ್ದರೆ ಮದುವೆಗೆ ಒಳ್ಳೆಯ ಸಂಬಂಧ ಸಿಗುತ್ತದೆ ಎಂದು ಒಬ್ಬ ಚಾಲಕ ಹೇಳಿದ್ದೂ ಆಗ ತಂಡದ ಕಿವಿಗೆ ಬಿತ್ತು.

ಇದು ಮಾರ್ಕೆಟಿಂಗ್ ಕೊಟ್ಟ ಮಾಹಿತಿ. ವಿನ್ಯಾಸದವರು ಹೊಸ ಎಂಜಿನ್‌ಗೆ ದುಡ್ಡು ಸುರಿಯಲಿಲ್ಲ. ಕಂಪನಿ ಆಗಲೇ ತಯಾರಿಸುತ್ತಿದ್ದ ಇಂಡಿಕಾ ಕಾರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ ಅನ್ನು ಆಧಾರವಾಗಿಟ್ಟುಕೊಂಡು ಅದರ ಅರ್ಧದಷ್ಟು, ಎರಡು ಸಿಲಿಂಡರ್‌ನ ಸುಮಾರು 700 ಸಿಸಿ ಎಂಜಿನ್ ಮಾಡಿದರು. ಕಾರ್ಖಾನೆಗೆ ಪರಿಚಯವಿದ್ದ ಕೆಲಸವಾದ್ದರಿಂದ ಖರ್ಚು ಹಿಡಿತದಲ್ಲಿತ್ತು. 2017ರ ಹೊತ್ತಿಗೆ ಏಸ್ ಕುಟುಂಬದ 20 ಲಕ್ಷ ವಾಹನಗಳು ಮಾರಾಟವಾಗಿದ್ದವು.

ಒಬ್ಬರು ಹಿಂದೆ ಉಳಿದಾಗ

ನ್ಯಾನೋ ಕಾರನ್ನು 2008ರ ಜನವರಿಯಲ್ಲಿ ದೆಹಲಿಯಲ್ಲಿ ಪ್ರದರ್ಶಿಸಿದರು. ಒಂದೇ ಸ್ಕೂಟರ್ ಮೇಲೆ ಹೋಗುವ ಇಡೀ ಸಂಸಾರಕ್ಕೆ ಸುರಕ್ಷಿತ ವಾಹನ ಕೊಡಬೇಕು ಎಂಬುದು ರತನ್ ಟಾಟಾ ಅವರ ಆಸೆ. ಬೆಲೆ 1 ಲಕ್ಷ ರೂಪಾಯಿ ಎಂದು ಮೊದಲೇ ನಿರ್ಧಾರವಾಗಿತ್ತು. ಸಾಮಾನ್ಯವಾಗಿ ವೆಚ್ಚಕ್ಕೆ ಲಾಭ ಸೇರಿಸಿ ಬೆಲೆ ಇಡುತ್ತಾರೆ. ಇಲ್ಲಿ ಬೆಲೆಯಿಂದ ಲಾಭ ಕಳೆದು ಉಳಿದದ್ದರಲ್ಲೇ ಕಾರು ಮಾಡಬೇಕಿತ್ತು. ಇದಕ್ಕೆ ಟಾರ್ಗೆಟ್ ಕಾಸ್ಟಿಂಗ್ ಎನ್ನುತ್ತಾರೆ. ಬಿಡಿಭಾಗ ಪೂರೈಸುವ ಕಂಪನಿಗಳನ್ನೂ ಮೊದಲಿನಿಂದಲೇ ಸೇರಿಸಿಕೊಂಡು ಪ್ರತಿ ಭಾಗದಲ್ಲೂ ಉಳಿತಾಯ ಹುಡುಕಿದರು. ಚಕ್ರಕ್ಕೆ ಮೂರೇ ನಟ್, ಗಾಜಿಗೆ ಒಂದೇ ವೈಪರ್, ಹಿಂದೆ ಎರಡು ಸಿಲಿಂಡರ್‌ನ ಪುಟ್ಟ ಎಂಜಿನ್. ವಿನ್ಯಾಸ ಮತ್ತು ಉತ್ಪಾದನೆ ಕೂಡಿ ಮಾಡಿದ ದೊಡ್ಡ ಸಾಧನೆಯೇ ಇದು.

ಆದರೆ ಗಿರಾಕಿಯ ಕಡೆಯಿಂದ ನೋಡಿ. ಮೊದಲ ಮಾದರಿಗಳಲ್ಲಿ ಹಿಂಬದಿಯ ಡಿಕ್ಕಿ ಬಾಗಿಲು ತೆರೆಯುತ್ತಿರಲಿಲ್ಲ. ಪೆಟ್ರೋಲ್ ಹಾಕಿಸಲು ಮುಂದಿನ ಬಾನೆಟ್ ಎತ್ತಬೇಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಜಗತ್ತಿನ ಅತ್ಯಂತ ಅಗ್ಗದ ಕಾರು ಎಂದೇ ಹೆಸರಾಯಿತು. ಹಾಗೆ ಪ್ರಚಾರವಾದದ್ದು ಸರಿಯಾಗಲಿಲ್ಲ ಎಂದು ರತನ್ ಟಾಟಾ ಅವರೇ ಮುಂದೆ ಹೇಳಿದರು.

ನಮ್ಮ ಮನೆಯಲ್ಲಿ ಈಗಲೂ ಸ್ಕೂಟರ್ ಒಂದೇ. ಲೆಕ್ಕಕ್ಕೆ ನ್ಯಾನೋ ನಮ್ಮಂಥವರಿಗಾಗಿಯೇ ಮಾಡಿದ ಕಾರು. ಆಗ ಅದನ್ನು ಕೊಳ್ಳುವ ಮನಸ್ಸು ಯಾಕೆ ಬರಲಿಲ್ಲ ಎಂದು ಅಬ್ಬಾ ಅವರನ್ನು ಕೇಳಿದೆ. ಅವರು ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: “ಬಡವ ಕಾರು ತಗೊಳ್ಳೋದು ಜೀವನದಲ್ಲಿ ಒಂದು ಸಲ. ಮೊಹಲ್ಲಾದವರು ಬಂದು ಮುಬಾರಕ್ ಹೇಳಬೇಕು. ಸಸ್ತಾ ಗಾಡಿ ತಂದ ಅನ್ನಬಾರದು.” ಏಸ್ ತಂಡಕ್ಕೆ ಆ ಚಾಲಕ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ ಅಲ್ಲವೇ?

ಬೇರೆ ಕಾರಣಗಳೂ ಇದ್ದವು. ಕಾರ್ಖಾನೆ ಪಶ್ಚಿಮ ಬಂಗಾಳದ ಸಿಂಗೂರಿನಿಂದ ಗುಜರಾತಿನ ಸಾನಂದ್‌ಗೆ ಹೋಗಬೇಕಾಯಿತು, ತಡವಾಯಿತು. ಕೆಲವು ಕಾರುಗಳಿಗೆ ಬೆಂಕಿ ಹೊತ್ತಿಕೊಂಡ ಸುದ್ದಿ ಬಂತು. 2009ರಲ್ಲಿ 2 ಲಕ್ಷಕ್ಕೂ ಹೆಚ್ಚು ಬುಕಿಂಗ್ ಬಂದಿದ್ದವು. ಸಾನಂದ್ ಕಾರ್ಖಾನೆಗೆ ವರ್ಷಕ್ಕೆ 2.5 ಲಕ್ಷ ಕಾರು ಮಾಡುವ ಶಕ್ತಿ ಇತ್ತು. ಆದರೆ ಅತಿ ಹೆಚ್ಚು ಮಾರಾಟವಾದ 2011-12ರಲ್ಲೂ ಸಂಖ್ಯೆ 75 ಸಾವಿರ ಮುಟ್ಟಲಿಲ್ಲ. ತೆರೆಯುವ ಡಿಕ್ಕಿ ಬಂದದ್ದು 2015ರಲ್ಲಿ. 2018ರ ಜೂನ್‌ನಲ್ಲಿ ತಯಾರಾದದ್ದು ಒಂದೇ ಒಂದು ಕಾರು.

ನಾವು ಕಲಿಯಬೇಕಾದದ್ದು

1. ಬೆಲೆ ಎಂಬುದು ನಾಲ್ಕು ‘ಪಿ’ಗಳಲ್ಲಿ ಒಂದು ಮಾತ್ರ. ಅದೊಂದನ್ನೇ ಹಿಡಿದರೆ ಉಳಿದ ಮೂರು ಕೈತಪ್ಪುತ್ತವೆ.
2. ಮಾರ್ಕೆಟಿಂಗ್ ಎಂದರೆ ತಯಾರಾದ ಮೇಲಿನ ಜಾಹೀರಾತಲ್ಲ. ನಕ್ಷೆಗೆ ಮೊದಲೇ ಅದರ ಕೆಲಸ ಶುರುವಾಗಬೇಕು.
3. ಗಿರಾಕಿ ಕೇಳಿದ್ದೆಲ್ಲವನ್ನೂ ಕೊಡಲಾಗುವುದಿಲ್ಲ. ಯಾವುದು ಸಾಧ್ಯ, ಎಷ್ಟು ಖರ್ಚು ಎಂದು ಹೇಳಲು ಉತ್ಪಾದನೆಯವರೂ ಅಲ್ಲಿರಬೇಕು.
4. ವಿಭಾಗಗಳಿರುವ ಕಂಪನಿಯಲ್ಲಿ ಇದು ತಾನಾಗಿಯೇ ಆಗುವುದಿಲ್ಲ. ಮೂರೂ ಕಡೆಯವರಿರುವ ಒಂದು ತಂಡ, ಅದಕ್ಕೆ ಒಬ್ಬ ಜವಾಬ್ದಾರ ಮುಖ್ಯಸ್ಥ ಬೇಕು.

ಸಮನ್ವಯದ ಮಹತ್ವ ಬರೆಯಿರಿ ಎಂಬ ಪ್ರಶ್ನೆ ಬಂದರೆ ಈ ಎರಡು ವಾಹನಗಳ ಉದಾಹರಣೆ ಬರೆಯಬಹುದು. ಪ್ರಾಜೆಕ್ಟ್‌ಗೆ ಯಾವುದಾದರೂ ವಸ್ತುವನ್ನು ಆರಿಸಿಕೊಳ್ಳುವವರು ಎಷ್ಟಕ್ಕೆ ಮಾರಬಹುದು ಎಂಬ ಲೆಕ್ಕಕ್ಕೆ ಮೊದಲು, ಅದನ್ನು ಮನೆಗೆ ಕೊಂಡೊಯ್ದವರಿಗೆ ಏನನಿಸಬೇಕು ಎಂದು ನಾಲ್ಕು ಜನರನ್ನು ಕೇಳಿ ನೋಡಿ.