ಪ್ರಯೋಗಾಲಯದಿಂದ ಬಂಡ್ರಿಗೆ ಎಷ್ಟು ದೂರ?

ಬೆಂಗಳೂರಿನ ಬಯೋಟೆಕ್ ಸುದ್ದಿಗಳಲ್ಲಿ ಯಾವುದನ್ನು ನಂಬಬೇಕೆಂದು ಕೇಳಿದ್ದೀರಿ. ಹೇಳಿದವರು ಯಾರೆಂಬುದಕ್ಕಿಂತ, ಹೊಸ ಸಾಧನ ಯಾವ ಹಂತ ತಲುಪಿದೆ ಎಂಬುದನ್ನು ಮೊದಲು ನೋಡಿ. ಟ್ರೂನ್ಯಾಟ್ ಎಂಬ ಕ್ಷಯ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ ಈ ಯಂತ್ರ ಬ್ಯಾಟರಿಯಿಂದಲೂ ನಡೆಯುತ್ತದೆ. ಕಫದಲ್ಲಿರುವ ಕ್ಷಯಾಣುವಿನ ಡಿಎನ್‌ಎಯನ್ನು ಪುಟ್ಟ ಚಿಪ್ ಮೇಲೆ ಪತ್ತೆಹಚ್ಚುತ್ತದೆ. ರಿಫಾಂಪಿಸಿನ್ ಔಷಧಕ್ಕೆ ರೋಗಾಣು ಬಗ್ಗುತ್ತದೋ ಇಲ್ಲವೋ ಎಂಬುದು ಇದರದೇ ಮುಂದಿನ ಪರೀಕ್ಷೆಯಲ್ಲಿ ತಿಳಿಯುತ್ತದೆ. ಹಲವು ದೇಶಗಳ ರೋಗಿಗಳಲ್ಲಿ ಒರೆಗೆ ಹಚ್ಚಿದ ಮೇಲೆಯೇ, 2020ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿತು. ಬಂಡ್ರಿ ಇರುವ, ಗಣಿಗಳ ಸಂಡೂರು ಸೀಮೆಗೆ ಇದು ಪರವೂರಿನ ಸುದ್ದಿಯಲ್ಲ: ಸಿಲಿಕಾ ದೂಳು ಶ್ವಾಸಕೋಶ ಸೇರಿದವರಿಗೆ ಕ್ಷಯ ತಗಲುವ ಸಂಭವ ಹೆಚ್ಚು. ಕೆಮ್ಮು ಎರಡು ವಾರ ದಾಟಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆಯ ಹೆಸರು ಹಿಡಿದೇ ಕೇಳಿ.

ಒಪ್ಪಿಗೆ ಸಿಕ್ಕಿತೆಂದರೆ ಸಾಕಲ್ಲವೇ ಎನ್ನಬಹುದು. ಸಾಲದು. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರ ಜನವರಿಯಲ್ಲಿ ಬಿಡುಗಡೆ ಮಾಡಿದ ಕಾರ್-ಟಿ ಚಿಕಿತ್ಸೆ ನಿಜವಾದ ಸಾಧನೆ. ರೋಗಿಯದೇ ರಕ್ಷಣಾ ಕೋಶಗಳನ್ನು ತೆಗೆದು, ಮಾರ್ಪಡಿಸಿ, ಮರಳಿ ದೇಹಕ್ಕೆ ಸೇರಿಸುವ ವಿದ್ಯೆ ಅದು. ಆದರೆ ಅದು ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಮಾತ್ರ, ಅದೂ ಪರಿಣತ ಆಸ್ಪತ್ರೆಗಳಲ್ಲಿ. ‘ಕ್ಯಾನ್ಸರಿಗೆ ಮದ್ದು ಬಂತು’ ಎಂಬ ತಲೆಬರಹ ಓದಿ ನಡೆಯುತ್ತಿರುವ ಚಿಕಿತ್ಸೆಯನ್ನು ಯಾರೂ ನಿಲ್ಲಿಸಬಾರದು. ಇನ್ನೂ ಪ್ರಯೋಗದಲ್ಲಿರುವ ಔಷಧವಾದರೆ, ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅದರ ಹೆಸರಿದೆಯೇ ಎಂದು ಹುಡುಕಿ. 2009ರಿಂದ ಈ ನೋಂದಣಿ ಕಡ್ಡಾಯ, ಯಾರು ಬೇಕಾದರೂ ಉಚಿತವಾಗಿ ನೋಡಬಹುದು.