ಕೀ ಬದಲಿಸುವ ಮೊದಲು

ಗಿಟಾರ್ ಶ್ರುತಿಯಲ್ಲಿ ನಿಲ್ಲುತ್ತಿಲ್ಲ ಅಂದರೆ ಎಲ್ಲರೂ ಮೊದಲು ಬೈಯುವುದು ಟ್ಯೂನಿಂಗ್ ಕೀಗಳನ್ನು. ಗೆಳೆಯರ ಗಿಟಾರ್‌ಗಳಿಗೆ ಕೀ ಹಾಕಿಕೊಡುತ್ತ ಬಂದ ನಾನು ಕಂಡಂತೆ, ತಪ್ಪು ಹೆಚ್ಚಾಗಿ ಅವುಗಳದ್ದಲ್ಲ. ತಂಬೂರಿಯ ಮರದ ಬಿರಡೆ ನಿಲ್ಲುವುದು ಬರೀ ಬಿಗಿತದಿಂದ. ಜಾರಿದರೆ ಸೀಮೆಸುಣ್ಣ ಹಚ್ಚಿ ಒತ್ತುತ್ತೇವೆ. ಗಿಟಾರ್ ಕೀಯೊಳಗಿರುವುದು ವರ್ಮ್ ಗೇರ್. ನಾವು ಗುಂಡಿ ತಿರುಗಿಸಿದರೆ ತಂತಿ ಸುತ್ತಿದ ಕಂಬ ತಿರುಗುತ್ತದೆ. ತಂತಿ ಎಷ್ಟೇ ಜಗ್ಗಿದರೂ ಗುಂಡಿ ಹಿಂದಕ್ಕೆ ಬರುವುದಿಲ್ಲ.

ಹಾಗಾಗಿ ನಾನು ಮೊದಲು ನೋಡುವುದು ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಕಚ್ಚುಗಳ ಪಟ್ಟಿಯನ್ನು, ಅಂದರೆ ನಟ್ ಅನ್ನು. ಕೀ ತಿರುಗಿಸುವಾಗ ‘ಟಿಕ್’ ಎಂದು ಶ್ರುತಿ ಒಮ್ಮೆಲೇ ಜಿಗಿದರೆ ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಎಷ್ಟೋ ಸಲ ಅಲ್ಲಿ ಪೆನ್ಸಿಲ್ ಉಜ್ಜಿದರೆ ಸಾಕಾಗುತ್ತದೆ. ತಂತಿಯನ್ನು ಕಂಬಕ್ಕೆ ಎರಡು ಮೂರು ಸುತ್ತು ನೀಟಾಗಿ ಸುತ್ತಿ, ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಶ್ರುತಿ ಏರಿಸಿದರೆ ಗೇರ್‌ನ ಸಡಿಲವೂ ಕಾಡುವುದಿಲ್ಲ. ಹಲ್ಲು ಸವೆದಿದ್ದರೆ, ಕಂಬ ಅಲುಗಾಡುತ್ತಿದ್ದರೆ ಮಾತ್ರ ಹೊಸ ಕೀ.

ಕೊಳ್ಳುವಾಗ ಬ್ರ್ಯಾಂಡ್‌ಗಿಂತ ಮೊದಲು ತೂತಿನ ಅಳತೆ. ಹಳೆಯ ಕ್ಲುಸನ್ ಮಾದರಿಗೆ ಸುಮಾರು 8.5 ಮಿ.ಮೀ. ತೂತು, ಗ್ರೋವರ್ ರೋಟೊಮ್ಯಾಟಿಕ್‌ನಂಥವಕ್ಕೆ ಸುಮಾರು 10 ಮಿ.ಮೀ. ದೊಡ್ಡ ತೂತಿಗೆ ಸಣ್ಣ ಕೀ ಕೂರಿಸಲು ಬುಶ್ ಸಿಗುತ್ತದೆ. ಸಣ್ಣ ತೂತನ್ನು ಕೊರೆದು ದೊಡ್ಡದು ಮಾಡಿದರೆ ಹೋದ ಮರ ಮತ್ತೆ ಬಾರದು. ಹಿಂಬದಿಯ ಸ್ಕ್ರೂ ತೂತುಗಳೂ ಹೊಂದಬೇಕು, ಇಲ್ಲವಾದರೆ ಹಳೆಯ ಗಾಯಗಳು ಕಾಣುತ್ತವೆ. ಕ್ಲಾಸಿಕಲ್ ಗಿಟಾರ್‌ನಲ್ಲಿ ಮೂರು ಕೀ ಒಂದೇ ಪಟ್ಟಿಯಲ್ಲಿರುತ್ತವೆ. ಅಲ್ಲಿ ಕಂಬದಿಂದ ಕಂಬಕ್ಕೆ ಸಾಮಾನ್ಯವಾಗಿ 35 ಮಿ.ಮೀ. ಇದನ್ನು ಅಳೆಯದೆ ಅಂಗಡಿಗೆ ಹೋಗಬಾರದು.

ಆಮೇಲೆ ಗೇರ್ ಅನುಪಾತ. 14:1 ಕೀಯಲ್ಲಿ ಗುಂಡಿ ಹದಿನಾಲ್ಕು ಸುತ್ತು ತಿರುಗಿದರೆ ಕಂಬ ಒಂದು ಸುತ್ತು. 18:1ರಲ್ಲಿ ಗುಂಡಿಯ ಒಂದು ಸುತ್ತಿಗೆ ಕಂಬ ತಿರುಗುವುದು 20 ಡಿಗ್ರಿ ಮಾತ್ರ. ಸಂಖ್ಯೆ ದೊಡ್ಡದಾದಷ್ಟೂ ಸೂಕ್ಷ್ಮವಾಗಿ ಶ್ರುತಿ ಸೇರಿಸಬಹುದು, ಆದರೆ ತಂತಿ ಬದಲಿಸುವಾಗ ಕೈ ಸೋಲುತ್ತದೆ. ಶ್ರುತಿ ಹಿಡಿದಿಡುವ ಶಕ್ತಿ ಇದರಿಂದ ಹೆಚ್ಚುವುದಿಲ್ಲ. ತಂತಿಯನ್ನು ಕಂಬದಲ್ಲೇ ಕಚ್ಚಿ ಹಿಡಿಯುವ ಲಾಕಿಂಗ್ ಕೀಗಳಲ್ಲಿ ಸುತ್ತುವ ಕೆಲಸ ತಪ್ಪುತ್ತದೆ, ಸ್ವರ ಅಲುಗಿಸುವ ಟ್ರೆಮೊಲೊ ಸನ್ನೆ ಬಳಸುವವರಿಗೆ ಅನುಕೂಲ. ನಟ್‌ನ ತೊಂದರೆಗೆ ಅವೂ ಮದ್ದಲ್ಲ.

ತೂಕವನ್ನು ಹಲವರು ಮರೆಯುತ್ತಾರೆ. ಹಗುರ ಬಾಡಿಯ ಗಿಟಾರ್‌ಗೆ ಆರು ಭಾರದ ಡೈಕಾಸ್ಟ್ ಕೀ ಹಾಕಿದರೆ, ಸ್ಟ್ರ್ಯಾಪ್ ತೊಟ್ಟು ಕೈಬಿಟ್ಟ ಕೂಡಲೇ ಕತ್ತು ನೆಲದತ್ತ ವಾಲುತ್ತದೆ. ಅಂಥದ್ದಕ್ಕೆ ತೆರೆದ ಗೇರಿನ ಹಗುರ ಕೀಗಳೇ ಸರಿ.

ಈಗ ಯಾರಾದರೂ ‘ಯಾವ ಕೀ ಒಳ್ಳೆಯದು?’ ಎಂದು ಕೇಳಿದರೆ, ಹಳೆಯ ಒಂದು ಕೀ ಬಿಚ್ಚಿ ವರ್ನಿಯರ್ ಕ್ಯಾಲಿಪರ್ ಜೊತೆ ತನ್ನಿ ಅನ್ನುತ್ತೇನೆ. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.